ಹಲ್ಲು ಕಾಣದ ಜಿಪ್

ಸಾಗರ, ೯ ಫೆಬ್ರವರಿ ೧೯೬೫, ಮಂಗಳವಾರ

ಇವತ್ತೂ ನಾನು ಹೊಲಿದ ಜಿಪ್‌ನ ಹಲ್ಲು ಹೊರಗೇ ಕಂಡಿತು. ಎರಡು ಅಂಚಿಗೂ ಬೇರೆಬೇರೆಯಾಗಿ ಕೂರಿಸಿದರೆ ನಡುವೆ ಬಾಯಿ ಬಿಡುತ್ತದೆ.

‘ಇನ್ನೊಂದ್ಸಲ ಹಿಂಗಾದ್ರೆ ವಾಪಸ್ ಕಾಜಾ ಹೊಲಿಯೋಕೇ ಕೂರ್ಸ್ತೀನಿ ಮಾರಾಯ. ಹೊಸನಗರದಿಂದ ಬಂದಿದ್ದು ಅದಕ್ಕೇನಾ?’ ಅಂದರು ಹೊಲಿಗೆ ಅಂಗಡಿಯ ಯಜಮಾನ ಶೇಷಣ್ಣ. ಎರಡು ವರ್ಷ ಗುಂಡಿಗೆ ಕಾಜಾ ಹೊಲಿದಿದ್ದೇನೆ, ಸಾಕು.

ಡಾಕ್ಟರ ಮಗಳು ತುಂಗಾ ಬೊಂಬಾಯಿಯ ಫ್ರಾಕೊಂದನ್ನು ಗಿಡ್ಡ ಮಾಡಲು ಕೊಟ್ಟಿದ್ದಾಳೆ. ಅದರ ಪಕ್ಕದಲ್ಲಿ ಜಿಪ್ ಇದೆಯೆಂದೇ ಗೊತ್ತಾಗುವುದಿಲ್ಲ. ಒಂದು ಕಡೆಯ ಬಟ್ಟೆ ಮುಚ್ಚಳದ ಹಾಗೆ ಮೇಲೆ ಕೂತಿದೆ. ಶೇಷಣ್ಣ ಊಟಕ್ಕೆ ಹೋದಾಗ ಬೆಳಕಿಗೆ ಹಿಡಿದು ನೋಡಿದೆ. ಮಡಿಕೆಯುದ್ದಕ್ಕೂ ಸೂಜಿಯ ತೂತುಗಳು, ದಾರ ಮಾತ್ರ ಇಲ್ಲ! ಹೊಲಿದು ಬಿಚ್ಚಿದ್ದಾರೆ. ಯಾಕೆ?

ಚೂರು ಬಟ್ಟೆಯಲ್ಲಿ ಹಾಗೇ ಮಾಡಿದೆ. ಮೊದಲು ಬಾಯಿಗೆ ಪೂರ್ತಿ ಕಚ್ಚಾ ಹೊಲಿಗೆ ಹಾಕಿ ಮುಚ್ಚಿದೆ, ಒಳಗಿಂದ ಜಿಪ್ ಕೂರಿಸಿದೆ, ಕೊನೆಗೆ ಆ ಹೊಲಿಗೆ ಬಿಚ್ಚಿದೆ. ಒಂದು ಹಲ್ಲೂ ಕಾಣಲಿಲ್ಲ.

ಊಟ ಮುಗಿಸಿ ಬಂದ ಶೇಷಣ್ಣ ಅದನ್ನು ಬೆರಳಲ್ಲಿ ಸವರಿ, ‘ಯಾರು ಹೇಳ್ಕೊಟ್ರೋ?’ ಅಂದರು.

‘ತೂತು ಹೇಳ್ತು.’

‘ಅಧಿಕಪ್ರಸಂಗಿ’ ಅಂತ ನಕ್ಕರು. ಇನ್ನು ಜಿಪ್ಪಿನ ಕೆಲಸವೆಲ್ಲ ನನಗಂತೆ.

ನಾಳೆ ವಕೀಲರ ಕೋಟು ಗುಂಡಿ ಹಚ್ಚಲು ಬರುತ್ತದೆ. ಅದರ ಕಾಲರು ಹೇಗೆ ಹಾಗೆ ಸೆಟೆದು ನಿಲ್ಲುತ್ತದೋ. ಶೇಷಣ್ಣ ಊಟಕ್ಕೆ ಹೋದ ಮೇಲೆ ಒಂದೇ ಒಂದು ಹೊಲಿಗೆ ಬಿಚ್ಚಿ ಒಳಗೆ ನೋಡಿದರೆ...