ಬರೀ ಫೈರ್‌ಬಾಲ್

ಫೆಬ್ರವರಿ 3, ಮಂಗಳವಾರ. ಸಂಜೆ

ಸೆಕೆಂಡ್ ಪಿಯು ಫಿಸಿಕ್ಸ್, ಪ್ರಿಪರೇಟರಿ ಪೇಪರ್ ತಿದ್ದುತ್ತಿದ್ದೆ. ಹೊತ್ತು ಮುಳುಗಿ ಸ್ವಲ್ಪ ಸಮಯಕ್ಕೇ ಕಿಟಕಿ ಗಾಜು ಅದುರಿತು. ದೂರದಲ್ಲೆಲ್ಲೋ ಧಡ್. ಕಲ್ಲು ಕ್ವಾರಿ ಇರಬೇಕು... ತಲೆ ಎತ್ತಲಿಲ್ಲ.

ಆಮೇಲೆ ಪತ್ರಿಕೆಯ ಚೇತನ್ ಕುಮಾರ್ ಫೋನ್. ಮಧುಗಿರಿಯಲ್ಲಿ ಆಕಾಶದ ವಿಷಯವೆಂದರೆ ನನ್ನನ್ನೇ ಕೇಳುವುದು.

"ಸಾರ್, ಮಿಡಿಗೇಶಿ ಮೇಲೆ ಭಾರಿ ಬೆಳಕಂತೆ. ಬೊಲೈಡ್ ಅಂತ ಹಾಕ್ಲಾ? ಹೆಡ್ಡಿಂಗ್‌ಗೆ ಚೆನ್ನಾಗೈತೆ."

"ಬೇಡ. ಶುಕ್ರನಿಗಿಂತ ಹೊಳೆದ ಉಲ್ಕೆ ಫೈರ್‌ಬಾಲ್. ಸಿಡಿದು ಸದ್ದು ಮಾಡಿದರೆ ಬೊಲೈಡ್. ಇದು ಬರೀ ಫೈರ್‌ಬಾಲ್. ಸದ್ದಿಲ್ಲ."

ಸದ್ದಾಯಿತೇ ಎಂದು ಅವನನ್ನು ಕೇಳಲಿಲ್ಲ. ನನ್ನನ್ನೂ ಕೇಳಿಕೊಳ್ಳಲಿಲ್ಲ.

ಫೆಬ್ರವರಿ 4, ಬುಧವಾರ

ಒಳಪುಟದಲ್ಲಿ ಬಂದಿದೆ. ನನ್ನ ಹಳೆಯ ಫೋಟೊ. ಸ್ಟಾಫ್ ರೂಮಿನಲ್ಲಿ ಕನ್ನಡದ ಜಗದಾಂಬ ಮೇಡಂ — "ಏನ್ ಸಾರ್, ಚುಕ್ಕಿ ಬೀಳೋಕೂ ನಿಮ್ಮ ಪರ್ಮಿಷನ್ ಬೇಕಾ?" ಎಲ್ಲರೂ ನಕ್ಕರು. ನಾನೂ. ಹಿತವಾಗಿತ್ತು.

ಫೆಬ್ರವರಿ 6, ಶುಕ್ರವಾರ

ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು. ಮಿಡಿಗೇಶಿಯ ಕರಿಬಸಮ್ಮ. ಮಗ ಹಾಲೇಶ್ ಕ್ವಾರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುವವನು. ಅಲ್ಲಿ ಬಂಡೆ ಸಿಡಿಸುವುದಕ್ಕೆ ತಡೆ ಇದೆ. ಮಂಗಳವಾರದ ಸದ್ದಿಗೆ ಯಾರದೋ ಗೋಡೆ ಬಿರಿದು ದೂರು ಹೋಗಿದೆ. ಕದ್ದು ಜಿಲೆಟಿನ್ ಇಟ್ಟವನು ಇವನೇ ಎಂದು ಪೊಲೀಸರು ಕರೆದೊಯ್ದಿದ್ದಾರೆ.

"ಬೆಳಕು ಬಿದ್ದಾಗ ಜಗಲಿ ಮ್ಯಾಲೆ ಕುಂತು ಮುದ್ದೆ ಉಣ್ತಿದ್ದ ಕಣಪ್ಪ. ಆಮ್ಯಾಕೆ ಡಬ್ ಅಂತು. ಆಕಾಸದ್ದೇ ಸದ್ದು ಅಂದ್ರೆ, ಪೇಪರ್ ತೋರಿಸ್ತಾರೆ. ಮೇಷ್ಟ್ರೇ ಸದ್ದಿಲ್ಲ ಅಂದವ್ರೆ, ನೀನೇನ್ ದೊಡ್ಡ ಸೈಂಟಿಸ್ಟಾ ಅಂತಾರೆ."

ನಾನು ಏನು ಹೇಳಿದೆ? ಆ ಪದಕ್ಕೆ ಅಧಿಕೃತ ಅರ್ಥ ಇಲ್ಲಮ್ಮ; ಹುಣ್ಣಿಮೆ ಚಂದ್ರನಿಗಿಂತ ಹೊಳೆದರೆ ಸಾಕು, ಬೊಲೈಡ್ ಎನ್ನುವವರೂ ಇದ್ದಾರೆ... ಹೇಳುತ್ತಲೇ ಇದ್ದೆ.

"ಪದ ಕಟ್ಕೊಂಡು ನಾನೇನ್ ಮಾಡ್ಲಪ್ಪ? ಸದ್ದು ಬಂತು ಅಂತ ಒಂದ್ ಮಾತು ಟೇಸನ್‌ಗೆ ಬಂದು ಹೇಳ್ಬುಡು."

ನೋಡೋಣ ಎಂದೆ. ಹೋದರೆ ಪತ್ರಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಸ್ಟಾಫ್ ರೂಮ್ ಮತ್ತೆ ನಗುತ್ತದೆ. ನಾಳೆ ಹೋಗಬೇಕು.

ಫೆಬ್ರವರಿ 11, ಬುಧವಾರ

ಶನಿವಾರ ಕ್ಲಾಸಿತ್ತು. ಭಾನುವಾರ ಇರಲಿಲ್ಲ. ಆದರೂ ಹೋಗಲಿಲ್ಲ.

ಇವತ್ತು ಹೋದೆ. ಅದು ಬೊಲೈಡ್, ಸದ್ದು ನನಗೂ ಕೇಳಿಸಿತ್ತು, ಅವತ್ತು ಹೇಳಿದ್ದು ತಪ್ಪು ಎಂದು ಬರೆದುಕೊಟ್ಟೆ. ಇನ್ಸ್‌ಪೆಕ್ಟರ್ ಓದಿ, "ಇದನ್ನ ಮೊದ್ಲೇ ಹೇಳಕ್ಕೇನಾಗಿತ್ರೀ ಮೇಷ್ಟ್ರೇ?" ಎಂದರು. ಕೇಸೇ ಬರೆದಿರಲಿಲ್ಲವಂತೆ. ಸುಮ್ಮನೆ ಕೂರಿಸಿಕೊಂಡಿದ್ದರಂತೆ. ಬಿಟ್ಟರು.

ಹಾಲೇಶ್ ಗೋಡೆ ಹಿಡಿದು ಹೊರಗೆ ಬಂದ. ಇಪ್ಪತ್ತೈದು ಇರಬಹುದು. ಅವನ ತಾಯಿ ಅವನ ಅಂಗಿ ಸರಿಮಾಡಿದಳು. ನನ್ನ ಕಡೆ ನೋಡದೆ ಹೇಳಿದಳು:

"ಮೇಷ್ಟ್ರಿಗೆ ಕೈ ಮುಗಿ ಕಣ್ಲಾ. ಅವ್ರೇ ಬುಡ್ಸಿದ್ದು."

ಅವನ ಎಡಗೈ ಎದೆಯವರೆಗೆ ಬಂತು. ಬಲಗೈ ಸೊಂಟದ ಹತ್ತಿರವೇ ನಿಂತಿತು. ಹಲ್ಲು ಕಚ್ಚಿ ಮತ್ತೆ ಎತ್ತಲು ನೋಡಿದ. ಬೇಡ ಅನ್ನಬೇಕಿತ್ತು. ನಾನು ಆ ಕೈ ಮೇಲೇಳಲೆಂದು ಕಾಯುತ್ತ ನಿಂತೆ.