ಗೋಲಿಗುಂಡ

ಶಿಗ್ಗಾಂವಿ, ಆಗಸ್ಟ್ 12, ಮಂಗಳವಾರ

ಈ ಕೆಲಸವೇ ಬೇಡವಾಗಿತ್ತು. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಜನ ಏನು ಹುಡುಕಿದರು, ಏನು ನೋಡಿದರು, ಯಾವುದನ್ನು ಕ್ಲಿಕ್ ಮಾಡಿದರು ಎಂದು ದಿನವೂ ನೋಡುತ್ತೇನೆ. ಅಲ್ಲಿ ಹೆಸರಿರುವುದಿಲ್ಲ, ಪದಗಳಷ್ಟೇ. ಇವತ್ತು ಯಾರೋ ‘ಎದ್ಯಾಗ ಗೋಲಿಗುಂಡ’ ಎಂದು ಹುಡುಕಿದ್ದರು. ಸ್ತನ ತಪಾಸಣೆಯ ಪುಟ ಕಾಣಿಸಿದೆ, ಕ್ಲಿಕ್ ಇಲ್ಲ. ಮತ್ತೆ ಹುಡುಕಿದ್ದಾರೆ, ಮತ್ತೆ ಕ್ಲಿಕ್ ಇಲ್ಲ.

“ಗೋಲಿ ಆಡೂ ಹುಡುಗರು ಬರದಾರ, ಅಳಿಸಿಬಿಡ್ರಿ,” ಎಂದರು ಮ್ಯಾನೇಜರ್ ಶಂಭುಲಿಂಗ.

ಅಳಿಸಲಿಲ್ಲ. ಮೈಮೇಲಿನ ಗಂಟಿಗೆ ಗೋಲಿಗುಂಡ ಎನ್ನುವವಳು ನಾನು ಕಂಡಂತೆ ನಮ್ಮವ್ವ ಒಬ್ಬಳೇ.

ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ಕೇಳಿದೆ, “ಅವ್ವಾ, ಆರಾಮ ಅದಿ ಇಲ್ಲ?”

“ನನಗೇನಾಗೇತಿ? ಸುಮ್ಮನ ರೊಟ್ಟಿ ತಿನ್ನು.”

ಎಡಗೈಯಲ್ಲಿ ಬಡಿಸಿದರೆ ನನ್ನನ್ನು ಬೈಯುತ್ತಿದ್ದವಳು, ಬಲಗೈಯನ್ನು ಮೈಗೆ ಒತ್ತಿಕೊಂಡು ಆ ರೊಟ್ಟಿಯನ್ನು ಎಡಗೈಯಲ್ಲೇ ಹಾಕಿದಳು.