ಅಡಿವೆವ್ವನ ಕುಡುಗೋಲು ಬಿಡಿಸಿದ ಅಧಿಕಾರಿಗಳಿಗೆ

ಮಾನ್ಯರೇ,

ನಮ್ಮೂರಿಗೆ ಕೊಟ್ಟ ಮಾತಿಗೆ ತಾವು ತಪ್ಪಿದ್ದೀರಿ. ಅದರ ಮೇಲೆ, ತರಬೇತಿ ಕೇಂದ್ರಕ್ಕೆ ಬರುವ ಹೊಸ ಹುಡುಗಿಯರನ್ನು ಸ್ವಾಗತಿಸುವ ಸಮಾರಂಭದಲ್ಲಿ ನಾನು ಭಾಷಣ ಮಾಡಬೇಕೆಂದು ಅಪ್ಪಣೆಯನ್ನೂ ಮಾಡಿದ್ದೀರಿ. ನರ್ಸಿಂಗ್ ಕಲಿಯಲು ಯಾಕೆ ಬಂದೆ, ಇಲ್ಲಿ ಏನು ಕಂಡೆ, ಬರುವವರಿಗೆ ನನ್ನ ಬುದ್ಧಿಮಾತೇನು, ಇವನ್ನು ಹೇಳಬೇಕಂತೆ. ವೇದಿಕೆಗೆ ನಾನು ಬರುವುದಿಲ್ಲ. ಹೇಳಬೇಕಾದ್ದನ್ನು ಪತ್ರಿಕೆಯಲ್ಲೇ ಹೇಳುತ್ತೇನೆ. ಇಲ್ಲಿಯಾದರೆ ನಡುವೆ ಮೈಕು ಕಸಿದುಕೊಳ್ಳುವವರು ಯಾರೂ ಇಲ್ಲ.

ಸಂದರ್ಶನದಲ್ಲಿ ‘ಸೇವೆ ಮಾಡಬೇಕೆಂದು ಬಂದೆ’ ಎಂದಿದ್ದೆ. ಎಲ್ಲರೂ ಹಾಗೇ ಹೇಳುತ್ತಾರೆ, ತಾವೂ ತಲೆಯಾಡಿಸುತ್ತೀರಿ. ನಿಜ ಬೇರೆ ಇದೆ. ಹಂಸಭಾವಿ ಹತ್ತಿರದ ನಮ್ಮೂರಿನಲ್ಲಿ ನನ್ನ ಸೋದರತ್ತೆ ಅಡಿವೆವ್ವನೇ ಸೂಲಗಿತ್ತಿ. ಗೌಡರ ಮನೆಯಿಂದ ಹಿಡಿದು ನಮ್ಮ ಕೇರಿಯವರೆಗೆ ಎಲ್ಲ ಕೂಸುಗಳೂ ಅವಳ ಕೈಗೇ ಬಿದ್ದವು. ಆದರೆ ದೊಡ್ಡ ಮನೆಗಳಿಗೆ ಅವಳು ಹೋಗಬೇಕಾದದ್ದು ಹಿತ್ತಲ ಬಾಗಿಲಿನಿಂದ. ಹೆರಿಗೆ ಮುಗಿಸಿ ಎದ್ದರೆ ಅವಳು ಕುಂತ ಜಾಗಕ್ಕೆ ಸಗಣಿ ನೀರು ಹೊಡೆಯುತ್ತಿದ್ದರು. ಒಮ್ಮೆ ಹಿರೇಕೆರೂರಿನಿಂದ ಬಿಳಿ ಸೀರೆಯ ನರ್ಸಬಾಯಿ ಬಂದಾಗ ಗೌಡತಿ ವೀರವ್ವ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿ, ಕಪ್ಪು-ಬಸಿಯಲ್ಲಿ ಚಹಾ ಕೊಟ್ಟಳು. ಬಾಗಿಲ ಹೊರಗೆ ನಿಂತು ನಾನು ನೋಡಿದೆ. ನನಗೆ ಆ ಕುರ್ಚಿ ಬೇಕಾಗಿತ್ತು. ಸೇವೆಯ ವಿಚಾರ ಆಮೇಲೆ ಬಂತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ತಾವು ಜೀಪಿನಲ್ಲಿ ಬಂದು ನಮ್ಮ ಚಾವಡಿ ಕಟ್ಟೆಯ ಮೇಲೆ ನಿಂತದ್ದು ನೆನಪಿದೆಯೇ? “ಮೆಟ್ರಿಕ್ ಪಾಸಾದ ಒಬ್ಬ ಹುಡುಗಿಯನ್ನು ನನಗೆ ಕೊಡಿ, ನರ್ಸ್ ಮಾಡಿ ನಿಮಗೇ ತಿರುಗಿ ಕೊಡುತ್ತೇನೆ. ಕುಡುಗೋಲಿನ ಹೆರಿಗೆ ಇವತ್ತಿಗೇ ನಿಲ್ಲಬೇಕು” ಎಂದಿರಿ. ಮೆಟ್ರಿಕ್ ಪಾಸಾದವಳು ಊರಿಗೆಲ್ಲ ನಾನೊಬ್ಬಳೇ. ಭಾಷಣ ಯಾವುದು, ಕೊಟ್ಟ ಮಾತು ಯಾವುದು ಎಂದು ಬೇರೆ ಮಾಡಿ ನೋಡುವುದು ನಮ್ಮವರಿಗೆ ಬರುವುದಿಲ್ಲ. ವೀರವ್ವ ಎಲ್ಲರೆದುರು ನನ್ನ ಉಡಿ ತುಂಬಿದಳು. ನಮ್ಮ ಕೇರಿಯ ಹುಡುಗಿಗೆ ಗೌಡತಿ ಅಕ್ಕಿ, ಕೊಬ್ಬರಿ, ಖಣ ಹಾಕಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದನ್ನು ನೋಡಿ ಅಡಿವೆವ್ವನೂ ಮುಂದೆ ಬಂದಳು. ಹೊಕ್ಕುಳಬಳ್ಳಿ ಕೊಯ್ಯುವ ತನ್ನ ಕುಡುಗೋಲನ್ನು ನನ್ನ ಉಡಿಗೆ ಹಾಕಿದಳು. “ತಗೋ ಮಗಳ, ಇನ್ನ ಈ ಕೆಲಸ ನಿಂದು. ನನ್ನ ಕೈ ಇವತ್ತಿಗೆ ಮುಗೀತು” ಎಂದಳು. ತಾವು ಚಪ್ಪಾಳೆ ತಟ್ಟಿದಿರಿ. ಉಡಿಗೆ ಹಾಕಿದ್ದನ್ನು ಹಾಕಿದವರು ತಿರುಗಿ ಮುಟ್ಟುವುದಿಲ್ಲ ಎಂಬುದು ತಮಗೆ ಗೊತ್ತಿರಲಿಲ್ಲ ಎನ್ನುತ್ತೀರಾ? ಹಾಗಾದರೆ ಯಾವುದಕ್ಕೆ ತಟ್ಟಿದಿರಿ?

ತರಬೇತಿಯ ಅನುಭವ ಕೇಳಿದ್ದೀರಿ. ಮಂತ್ರಿಗಳು ಬರುವ ದಿನ ವಾರ್ಡು ಬಿಟ್ಟು ರಂಗೋಲಿ ಹಾಕಿದ್ದನ್ನೂ, ಸಾರಿನಲ್ಲಿ ಬೇಳೆ ಹುಡುಕಿದ್ದನ್ನೂ ನಾನು ದೂರುವುದಿಲ್ಲ. ಕಲಿಸಿದ್ದನ್ನು ಚೆನ್ನಾಗಿಯೇ ಕಲಿಸಿದರು. ಸವಣೂರಿನ ಹಮೀದುನ್ನೀಸಾ ಸಿಸ್ಟರ್ ಒಂದು ದಿನ ಧನುರ್ವಾಯುವಿನ ಪಾಠ ಮಾಡಿದರು. ನಮ್ಮೂರಿನಲ್ಲಿ ವಾರದ ಕೂಸು ಮೊಲೆ ಬಿಟ್ಟು, ಮೈ ಸೆಟೆದು ಸತ್ತರೆ ಬಾಲಗ್ರಹ ಎಂದು ಮಣ್ಣು ಮಾಡುತ್ತಿದ್ದರು. ನನ್ನ ತಮ್ಮನೂ ಹಾಗೆಯೇ ಹೋದವನು. ಹೊಲಸು ಕುಡುಗೋಲಿನಿಂದ ಆ ರೋಗ ಬರುತ್ತದೆ ಎಂದು ಅಂದು ತಿಳಿಯಿತು, ತರಗತಿಯಲ್ಲೇ ಅತ್ತುಬಿಟ್ಟೆ. ಸಿಸ್ಟರ್ ಬೆನ್ನು ಸವರಿ, “ಅಳಬ್ಯಾಡ ಬೇಟಿ. ನಿಮ್ಮತ್ತಿ ಬೇಕಂತ ಮಾಡ್ಯಾಳೇನು? ನೀ ಊರಿಗೆ ಹೋಗು, ಇನ್ನೊಂದು ಕೂಸು ಹಂಗ ಹೋಗದಂಗ ನೋಡ್ಕೋ” ಎಂದರು. ಅಂದಿನಿಂದ ಕುರ್ಚಿಯ ಆಸೆ ಹಿಂದೆ ಬಿತ್ತು, ಊರಿಗೆ ಹೋಗಬೇಕೆಂಬ ಆತುರ ಹಿಡಿಯಿತು. ಕುಡುಗೋಲಿನ ವಿಷಯದಲ್ಲಿ ತಾವು ಹೇಳಿದ್ದು ನಿಜವೇ. ನನ್ನ ಸಿಟ್ಟು ಹೆಚ್ಚಾಗಿರುವುದೂ ಅದಕ್ಕೇ. ಸುಳ್ಳು ಹೇಳಿದ್ದರೆ ಮರೆಯಬಹುದಿತ್ತು. ನಿಜ ಹೇಳಿ, ನಂಬಿಸಿ, ನಡುನೀರಿನಲ್ಲಿ ಕೈಬಿಟ್ಟಿರಿ.

ಮೊದಲ ದರ್ಜೆಯಲ್ಲಿ, ಕೇಂದ್ರಕ್ಕೇ ಮೊದಲಿಗಳಾಗಿ ಪಾಸಾದೆ. ಆದೇಶ ಬಂತು. ನಮ್ಮೂರಿನ ಹುದ್ದೆಯನ್ನು ಶಿಗ್ಗಾವಿ ತಾಲೂಕಿಗೆ, ತಡಸದ ಆಚೆ ಹೆದ್ದಾರಿ ಮಗ್ಗುಲಿನ ಊರಿಗೆ ಒಯ್ದಿದ್ದಿರಿ, ಜೊತೆಗೆ ನನ್ನನ್ನೂ. ಕಚೇರಿಗೆ ಬಂದು ಕೇಳಿದರೆ, “ನಿಮ್ಮೂರಿಗೆ ಮಳೆಗಾಲದಲ್ಲಿ ಜೀಪು ಹೋಗುವುದಿಲ್ಲಮ್ಮ, ತಪಾಸಣೆಗೆ ಅನುಕೂಲವಿಲ್ಲ” ಎಂದಿರಿ. ಹುಡುಗಿಯನ್ನು ಕೇಳಲು ಬಂದ ಜೀಪಿಗೆ ಹುಡುಗಿಯನ್ನು ತಿರುಗಿ ಬಿಡಲು ಮಾತ್ರ ದಾರಿ ಸಿಗದೇ? ಬೂಟಿಗೆ ಕೆಸರು ಹತ್ತದ ಊರಿನ ಹೆಂಗಸರಷ್ಟೇ ಹಡೆಯಬೇಕೆಂದು ಕಾನೂನಾಗಿದೆಯೇ? ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಮಾತನ್ನು ಕೇಳಿದ್ದೆ. ಗಾಳಕ್ಕೆ ಸಿಕ್ಕಿಸಿದ ಹುಳ ನಾನೇ ಎಂದು ಗೊತ್ತಿರಲಿಲ್ಲ.

ಎರಡು ವರ್ಷ ನಮ್ಮೂರಿನ ಬಸುರಿಯರು ತವರಿಗೋ ರಟ್ಟೀಹಳ್ಳಿ ಆಸ್ಪತ್ರೆಗೋ ಹೋಗಿ ಹಡೆಯುತ್ತ, ನಾನು ಬರುವುದನ್ನೇ ಕಾದರು. ಈ ಮಳೆಗಾಲದಲ್ಲಿ ಆದದ್ದನ್ನು ಕೇಳಿ. ಗೌಡರ ಸೊಸೆ ಸಿದ್ದವ್ವನಿಗೆ ಬೆಳಿಗ್ಗೆ ಬ್ಯಾನೆ ಎದ್ದಿತು. ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಬಸವಣ್ಣೆಪ್ಪ ಗೌಡರು ಹುಟ್ಟಿದಾಗಿನಿಂದ ಕಾಲಿಡದ ನಮ್ಮ ಕೇರಿಗೆ ತಾವೇ ಬಂದು, ಅಡಿವೆವ್ವನ ಮುಂದೆ ರುಮಾಲು ತೆಗೆದು ನಿಂತರು.

“ಏಳವ್ವಾ, ನಮ್ಮ ಮನಿತನ ಉಳಿಸು.”

“ಉಡ್ಯಾಗ ಹಾಕಿ ಕೊಟ್ಟೇನ್ರಿ ಗೌಡ್ರ. ಕೊಟ್ಟ ಕೆಲಸಕ್ಕ ಮತ್ತ ಕೈ ಹಚ್ಚಿದ್ರ ಆ ಹುಡುಗಿ ಬಾಳಂಗಿಲ್ಲ. ನನ್ನ ಅಣ್ಣನ ಮಗಳ್ರಿ ಅಕಿ. ಹೆಂಗ ಮುಟ್ಟಲಿ?” ಎಂದು ಅತ್ತೆ ಅತ್ತಳು, ಏಳಲಿಲ್ಲ.

ನನ್ನ ಜೀವ ಉಳಿಯಲೆಂದು ಅವಳು ಏಳಲಿಲ್ಲ. ಎತ್ತಿನ ಚಕ್ಕಡಿ ಕಟ್ಟಿ ರಟ್ಟೀಹಳ್ಳಿ ಹಾದಿ ಹಿಡಿದರು. ಸಿದ್ದವ್ವ ಉಳಿದಳು, ಕೂಸು ಹಾದಿಯಲ್ಲೇ ಹೋಯಿತು.

ಸುದ್ದಿ ಕೇಳಿ ಊರಿಗೆ ಓಡಿಹೋದೆ. ಊರಿನವರು ತಮ್ಮನ್ನು ಬೈಯುತ್ತಿಲ್ಲ ಮಾನ್ಯರೇ, ನನ್ನನ್ನು ಬೈಯುತ್ತಿದ್ದಾರೆ. “ನಿನ್ನ ಮಗಳಿಗೆ ಪ್ಯಾಟಿ ರುಚಿ ಹತ್ತೇತಿ, ನಾವು ಬ್ಯಾಡಾಗೇವಿ” ಎಂದು ನನ್ನ ಅಪ್ಪ ಮಾರೆಪ್ಪನಿಗೆ ಹಿಟ್ಟಿನ ಗಿರಣಿಯ ಮುಂದೆ ಅಂದರಂತೆ. ಸಿದ್ದವ್ವನನ್ನು ನೋಡಲು ಗೌಡರ ಮನೆಗೆ ಹೋದೆ. ಎಲ್ಲರೆದುರು ನನ್ನ ಉಡಿ ತುಂಬಿದ್ದ ವೀರವ್ವ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಂದಿಯೇನು? ಹಿತ್ತಲ ಕಡೆಯಿಂದ ಬಾ.”

ಹೋದೆ. ಸರ್ಕಾರ ಕೊಟ್ಟ ಬಿಳಿ ಸೀರೆಯಲ್ಲೇ ಹಿತ್ತಲಿನಿಂದ ಹೋಗಿ ಸಿದ್ದವ್ವನ ನಾಡಿ ಹಿಡಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನನಗೆ ಅಷ್ಟು ನೋವು ಜೀವನದಲ್ಲಿ ಎಂದೂ ಆಗಿರಲಿಲ್ಲ.

ಹೊಸ ಹುಡುಗಿಯರೇ, ಬುದ್ಧಿಮಾತು ಕೇಳಿ. ಕಲಿಯಿರಿ, ಮನಸ್ಸಿಟ್ಟು ಕಲಿಯಿರಿ. ಈ ವಿದ್ಯೆ ಜೀವ ಉಳಿಸುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಊರಿನವರು ಉಡಿ ತುಂಬಲು ಬಂದರೆ, ‘ತಿರುಗಿ ಬಂದು ಮೊದಲ ಹೆರಿಗೆ ಮಾಡಿದ ಮೇಲೆ ತುಂಬ್ರಿ’ ಎನ್ನಿ. ನಿಮ್ಮೂರಿನ ಸೂಲಗಿತ್ತಿಗೆ ಕೈ ತೊಳೆಯುವುದನ್ನೂ ಬ್ಲೇಡು ಕುದಿಸುವುದನ್ನೂ ಕಲಿಸಿ. ನೀವು ಬಂದು ನೆಲೆ ನಿಲ್ಲುವವರೆಗೆ ಅವಳ ಕೈ ಕಟ್ಟಿಸಬೇಡಿ.

ಇನ್ನು ತಮಗೆ, ಮಾನ್ಯರೇ. ನನ್ನ ತಂಗಿ ಶಾರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ದೀಪಾವಳಿಗೆ ಅವಳ ದಿನ ತುಂಬುತ್ತವೆ. ಅಷ್ಟರೊಳಗೆ ಹುದ್ದೆಯನ್ನು ನಮ್ಮೂರಿಗೆ ತಿರುಗಿ ಕೊಡಿ, ನನ್ನನ್ನು ಕಳಿಸಿ. ಆಗದಿದ್ದರೆ ಖುದ್ದಾಗಿ ಬನ್ನಿ. ಜೀಪು ಬಾರದಿದ್ದರೆ ನಡೆದು ಬನ್ನಿ. ಚಾವಡಿ ಕಟ್ಟೆಯ ಮೇಲೆ ನಿಂತು, ‘ಮಾತು ಕೊಟ್ಟವನು ನಾನು, ತಪ್ಪಿದವನೂ ನಾನು, ಹುಡುಗಿಯದೇನೂ ತಪ್ಪಿಲ್ಲ’ ಎಂದು ಊರಿಗೆಲ್ಲ ಕೇಳುವಂತೆ ಹೇಳಿ. “ಕೈ ಕಟ್ಟಿದಾವ್ರ ಬಂದು ಬಿಚ್ಚಿದ್ರ ಏಳತೇನಿ” ಎಂದಿದ್ದಾಳೆ ಅಡಿವೆವ್ವ. ಎರಡರಲ್ಲಿ ಯಾವುದನ್ನು ಮಾಡುತ್ತೀರೋ ಬೇಗ ಮಾಡಿ. ಶಾರವ್ವನ ಹೊಟ್ಟೆಯಲ್ಲಿರುವ ಕೂಸು ತಮ್ಮ ಆದೇಶಕ್ಕಾಗಿ ಕಾಯುವುದಿಲ್ಲ, ತನ್ನ ಹೊತ್ತಿಗೆ ಬಂದೇ ಬರುತ್ತದೆ.

ಇಂತಿ,
ತಮ್ಮ ಕೇಂದ್ರದಲ್ಲಿ ಮೊದಲಿಗಳಾಗಿ, ತನ್ನೂರಿನಲ್ಲಿ ಮಾತಿಗೆ ತಪ್ಪಿದವಳೆನಿಸಿಕೊಂಡ
ಗುತ್ತೆವ್ವ ಮಾರೆಪ್ಪ,
ಹಿರೇಕೆರೂರು ತಾಲೂಕು, ೧೯೮೦